ಎಮ್ಮೆಗಾಗಿ ಬದಲಾದ ಪರದೆ

ಸಿದ್ದಾಪುರದ ಹಾಲಿನ ಡೇರಿ ಮುಂದೆ ಆಗಷ್ಟೇ ಬೆಳಕು ಹರಿಯುತ್ತಿದೆ. ಕ್ಯಾನುಗಳ ಸದ್ದಿನ ನಡುವೆ ಕಟ್ಟೆಯ ಮೇಲೆ ಕಾಲು ಮಡಚಿ ಕೂತ ಮಹೇಶ್ವರಿ, ಹಾಲು ಹಾಕಿ ಬಂದ ಯಮನೂರಮ್ಮನ ಕೈಗೆ ತಮ್ಮ ಫೋನ್ ಕೊಡುತ್ತಾರೆ.

"ನಿಮ್ಮ ಎಮ್ಮಿಗಿ ಜ್ವರ ಬಂದೈತಿ ಅಂತ ತಿಳ್ಕೋರಿ ಯಕ್ಕಾ. ಡಾಕ್ಟರ್‌ನ ಕರೀರಿ. ನಾ ಏನೂ ಹೇಳಂಗಿಲ್ಲ, ಬರೇ ನೋಡ್ತೀನಿ."

ಯಮನೂರಮ್ಮನ ಹೆಬ್ಬೆರಳು ಪರದೆಯ ಮೇಲೆ ಸುಳಿದಾಡಿ ನಿಲ್ಲುತ್ತದೆ. "ಏನರ ಕೆಟ್ಟು ಗಿಟ್ಟೀತವ್ವಾ!"

"ಕೆಡಂಗಿಲ್ರಿ. ತಪ್ಪಾದ್ರ ಫೋನಿಂದು, ನಿಮ್ದಲ್ಲ."

ಹೀಗೆ ನೋಡುತ್ತ ಕೂರುವುದೇ ಮಹೇಶ್ವರಿಯ ನೌಕರಿ. ಹೆಸರು ಮಾತ್ರ ದೊಡ್ಡದು: ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನರ್. ಗಂಗಾವತಿಯ ಸಣ್ಣ ಕಚೇರಿಯೊಂದು ದನ ಸಾಕುವವರಿಗೆ ಪಶುವೈದ್ಯರನ್ನು ಕರೆಸಿಕೊಡುವ ಆ್ಯಪ್ ನಡೆಸುತ್ತದೆ. ಅದರ ಒಳಗಿನ ಕೋಡ್ ಬರೆಯುವವರು ಬೇರೆ. ಬಳಸುವವರ ಕಣ್ಣಿಗೆ ಮೊದಲು ಏನು ಬೀಳಬೇಕು, ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿ ತಿದ್ದುವುದು ಇವರ ಪಾಲು.

ಇದನ್ನು ಊರಿಗೆ ತಿಳಿಸಿ ಹೇಳುವುದರೊಳಗೆ ಮನೆಯವರು ಹೈರಾಣಾಗಿದ್ದಾರೆ. ಭತ್ತದ ಗದ್ದೆಯಲ್ಲಿ ದುಡಿಯುವ ತಂದೆ ಮುದುಕಪ್ಪ ಮೊದಮೊದಲು "ಮಗಳು ಫೋನಿನ ಕೆಲಸ ಮಾಡ್ತಾಳ" ಎನ್ನುತ್ತಿದ್ದರು. ಮನೆಗೆ ಒಡೆದ ಫೋನುಗಳು ಬರತೊಡಗಿದವು. ಒಬ್ಬರಂತೂ ಕೆಟ್ಟ ಮಿಕ್ಸರ್ ತಂದಿಟ್ಟು ಹೋದರು! ಕನ್ಯಾ ನೋಡಲು ಬಂದವರೊಬ್ಬರು, "ಕುಂತು ಮಂದಿ ಬೆರಳು ನೋಡೂದಕ್ಕ ಯಾರು ಪಗಾರ ಕೊಡ್ತಾರ?" ಎಂದು ನಕ್ಕು ಎದ್ದರು. ಅವತ್ತು ಮುದುಕಪ್ಪನಿಗೆ ಊಟ ಸೇರಲಿಲ್ಲ.

ಡಿಗ್ರಿ ಮುಗಿಸಿದ ಮಹೇಶ್ವರಿ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಿದ್ದವರು. ವಿಡಿಯೊ ಪಾಠ ನೋಡಿ ಹೊಸ ವಿದ್ಯೆ ಕಲಿತು 2022ರಲ್ಲಿ ಈ ಕಚೇರಿ ಸೇರಿದರು. ಆ್ಯಪ್‌ನ ಮೊದಲ ರೂಪ ನೋಡಲು ಚೆಂದವಿತ್ತು. ಆದರೆ ಒಂದು ನಸುಕಿನಲ್ಲಿ ಅವರದೇ ಓಣಿಯ ಹುಲಗಮ್ಮನ ಎಮ್ಮೆ ಈಯಲಾರದೆ ಒದ್ದಾಡಿತು. ಫೋನ್ ತೆರೆದರೆ ಅದು 'ಜಾನುವಾರಿನ ವರ್ಗ' ಕೇಳಿತು, ವಿಳಾಸ ಬರೆಯಲು ಹೇಳಿತು. ಕರೆಯುವ ಗುಂಡಿ ಕೊನೆಗಿತ್ತು, ಅದೂ ಕೆಂಪು. ಕೆಂಪು ಒತ್ತಿದರೆ ಫೋನ್ ಕಟ್ಟಾಗುತ್ತದೆ ಎಂದು ಹುಲಗಮ್ಮ ಒತ್ತಲೇ ಇಲ್ಲ. ಕರು ಉಳಿಯಲಿಲ್ಲ.

ಸುದ್ದಿ ತಿಳಿದ ಮಹೇಶ್ವರಿ ಆಕೆಯ ಕೊಟ್ಟಿಗೆಗೇ ಹೋಗಿ ಕೂತರು. "ಫೋನ್ ಹೆಂಗ ಹಿಡಿದಿದ್ರಿ, ತೋರಸ್ರಿ ಅತ್ತಿ."

"ಎರಡೂ ಕೈ ಎಮ್ಮಿ ಮ್ಯಾಲಿದ್ವು. ಬರಿ ಅಂದ್ರ ಹೆಂಗ ಬರೀಲವ್ವಾ?"

ಕಚೇರಿಯಲ್ಲಿ ವಾದವಾಯಿತು. ಒಬ್ಬರ ಸಲುವಾಗಿ ಎಲ್ಲ ಬದಲಿಸುವುದೆ? ಆ್ಯಪ್ ಬರೆದ ಗವಿಸಿದ್ದೇಶನನ್ನು ಮಹೇಶ್ವರಿ ಈ ಡೇರಿಯ ಕಟ್ಟೆಗೆ ಕರೆತಂದು ಕೂರಿಸಿದರು. ಬಂದ ಹೆಂಗಸರಲ್ಲಿ ಒಬ್ಬರೂ ಕೆಂಪು ಮುಟ್ಟಲಿಲ್ಲ. ಗಂಗಾವತಿಗೆ ಮರಳುವ ಬಸ್ಸಿನಲ್ಲಿ ಗವಿಸಿದ್ದೇಶ ತಾನಾಗಿಯೇ ಕೇಳಿದ: "ಏನೇನ್ ತಗೀಬೇಕು, ಹೇಳ್ರಿ."

ಈಗ ಆ್ಯಪ್ ತೆರೆದರೆ ಎಮ್ಮೆ, ಆಕಳು, ಆಡಿನ ಚಿತ್ರಗಳು ಕಾಣುತ್ತವೆ. ಒಂದನ್ನು ಮುಟ್ಟಿದರೆ ಸಾಕು, ಫೋನ್ ನಮ್ಮ ಕಡೆಯ ಮಾತಿನಲ್ಲೇ "ಏನಾಗೈತಿ?" ಎಂದು ಕೇಳುತ್ತದೆ. ಕರೆಯುವ ಗುಂಡಿ ಅಂಗೈಯಷ್ಟು ಅಗಲ, ಹಸಿರು. ಕಳೆದ ಶ್ರಾವಣದಲ್ಲಿ ಹುಲಗಮ್ಮನ ಎಮ್ಮೆಗೆ ಮತ್ತೆ ಹೆರಿಗೆ ಕಷ್ಟವಾದಾಗ ಡಾಕ್ಟರು ಹೊತ್ತಿಗೆ ಬಂದರು. ಕರು ಎದ್ದು ನಿಂತಿತು. ಹುಲಗಮ್ಮ ಗಿಣ್ಣದ ಪಾತ್ರೆ ಹಿಡಿದು ಮುದುಕಪ್ಪನ ಮನೆಗೆ ಬಂದರು. "ಯಣ್ಣಾ, ನಿನ್ನ ಮಗಳು ಬಂದು ನನ್ನ ಕೈ ನೋಡಿದ್ದಕ್ಕ ಕರಾ ಉಳೀತು ನೋಡು."

ಈಗ ಯಾರಾದರೂ ಕೇಳಿದರೆ ಮುದುಕಪ್ಪ ತಡವರಿಸುವುದಿಲ್ಲ. "ಮಂದಿಗಿ ಎಲ್ಲಿ ತೊಡಕ ಆಗ್ತೈತಿ ನೋಡಿ ಬಿಡಸ್ತಾಳ್ರಿ. ಅದ ಆಕೀ ಕೆಲಸ."

ಆ್ಯಪ್ ಈಗ ಕುಷ್ಟಗಿ, ಯಲಬುರ್ಗಾ ಹಳ್ಳಿಗಳಿಗೂ ಹೋಗಿದೆ, ಮಹೇಶ್ವರಿಯ ತಿರುಗಾಟವೂ ಹೆಚ್ಚಿದೆ. ಮುಂದೇನು ಆಸೆ ಎಂದರೆ ಅವರು ತಾಯಿ ಯಂಕವ್ವನ ಮಾತು ತೆಗೆಯುತ್ತಾರೆ.

"ನಮ್ಮವ್ವಗ ಓದಾಕ ಬರಂಗಿಲ್ರಿ. ಬಸ್‌ಸ್ಟ್ಯಾಂಡಿನ್ಯಾಗ ಹುಲಿಗಿ ಗುಡಿಗಿ ಹೋಗೂ ಬಸ್ ಯಾವ್ದು ಅಂತ ಕಂಡಕಂಡೋರ್ನ ಕೇಳ್ತಾಳ. ಅಲ್ಲಿ ಚಿತ್ರದ ಬೋರ್ಡ್ ಮಾಡಾಕ ನನಗ ಒಂದು ಸಲ ಕೊಟ್ರ ಸಾಕು. ಆಕಿ ಯಾರ್ನೂ ಕೇಳ್ದ ತಾನ ಹತ್ತಿ, ಕಿಡಕಿ ಬಾಜೂಕ ಕುಂತು ಹೋಗಬೇಕ್ರಿ."