ಅವಳಿಗೆ ಹುಷಾರಿಲ್ಲ

ಬೆಳಿಗ್ಗೆ ನೀರು ಬಿಟ್ಟಾಗ ಎರಡು ಡ್ರಮ್ ತುಂಬಿಸಿದೆ. ಹೊಸ್ತಿಲು ತೊಳೆದು ರಂಗೋಲಿ ಹಾಕಿದೆ. ಅವರ ಬೈಕು ಒರೆಸಿ, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟೆ. ಹುಳಿಗೆ ಬೇಳೆ ಬೇಯಿಸಿದೆ. ಉಳಿದ ಹೊತ್ತೆಲ್ಲ ಯಾವ ಸೀರೆ ಉಡಬೇಕೆಂದು ಬೀರುವಿನ ಮುಂದೆ ನಿಂತಿದ್ದೆ. ಅದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯಬಹುದೋ ಇಲ್ಲವೋ.

ನನ್ನ ಗಂಡ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಆಪರೇಟರ್. ಆಯುಧಪೂಜೆಯ ದಿನ ಅಲ್ಲಿ ಮೆಷಿನ್ನುಗಳಿಗೆ ಬಾಳೆಕಂದು ಕಟ್ಟಿ ಪೂಜೆ ಮಾಡುತ್ತಾರೆ. ಕೆಲಸದವರು ಹೆಂಡತಿ ಮಕ್ಕಳನ್ನು ಕರೆತರುತ್ತಾರೆ. ಮಾಲೀಕರ ಹೆಂಡತಿ, ಬಂದ ಹೆಂಗಸರಿಗೆಲ್ಲ ಕುಂಕುಮವಿಟ್ಟು ಬ್ಲೌಸ್ ಪೀಸ್ ಕೊಡುತ್ತಾರೆ. ಹದಿನೆಂಟು ವರ್ಷದಿಂದ ಇವರು ಕರೆಯುತ್ತಲೇ ಬಂದಿದ್ದಾರೆ, ನಾನು ತಲೆನೋವೆಂದೋ ಇನ್ನೇನೋ ಹೇಳಿ ತಪ್ಪಿಸಿಕೊಳ್ಳುತ್ತಲೇ ಬಂದಿದ್ದೇನೆ.

ನಾವು ಪ್ರೀತಿಸಿ ಮದುವೆಯಾದವರು. ಹಾಗೆಂದರೆ ಜನ ಒಮ್ಮೆ ಇಬ್ಬರ ಮುಖವನ್ನೂ ನೋಡುತ್ತಾರೆ. ಅವರು ಈಗಲೂ ನೋಡಲು ಚೆನ್ನಾಗಿದ್ದಾರೆ. ನಾನು ತಲೆ ನರೆತ ದಪ್ಪ ಹೆಂಗಸು. ಹರೆಯದಲ್ಲೇ ನನ್ನಮ್ಮ, "ಇವಳನ್ನ ಕಣ್ಣಿಲ್ಲದವನೇ ಕಟ್ಕೋಬೇಕು" ಎನ್ನುತ್ತಿದ್ದಳು. ಅವರ ಪ್ರೀತಿಯನ್ನು ನಾನು ಮನೆ ತಪ್ಪಿ ಬಂದ ಪಾರ್ಸೆಲ್ಲಿನಂತೆ ಇಟ್ಟುಕೊಂಡಿದ್ದೇನೆ. ಯಾರಾದರೂ ಕೇಳಿಕೊಂಡು ಬಂದರೆ ಕೊಟ್ಟುಬಿಡಬೇಕಲ್ಲ ಎಂದು.

"ಈ ಸಲ ಬರ್ಲೇಬೇಕು ಕಣೇ. ನಾನು ರಿಟೈರ್ ಆಗೋದ್ರೊಳಗೆ ಒಂದು ಸಲನಾದ್ರೂ" ಎಂದರು. ಹೋದೆ.

ಮಾಲೀಕರ ಹೆಂಡತಿ ಕುಂಕುಮದ ತಟ್ಟೆ ಹಿಡಿದು ನಮ್ಮ ಹತ್ತಿರ ಬಂದು ಅವರನ್ನು ಕೇಳಿದರು: "ಅಕ್ಕನ್ನ ಕರ್ಕೊಂಡು ಬಂದಿದ್ದೀರಾ?"

ಅವರು ಬಾಯಿ ತೆರೆದರು. ಅಷ್ಟರಲ್ಲಿ ನಾನೇ, "ಹೂಂ ಮೇಡಂ, ಅಕ್ಕ" ಎಂದೆ.

"ಮತ್ತೆ ಹೆಂಡ್ತಿ?"

"ಅವಳಿಗೆ ಹುಷಾರಿಲ್ಲ" ಎಂದೆ.

ಆಕೆ ಪಾಪ ಒಳ್ಳೆಯವರು. ನನ್ನ ಕೈಗೆ ಎರಡು ಬ್ಲೌಸ್ ಪೀಸ್ ಇಟ್ಟರು. "ಇನ್ನೊಂದು ಅವ್ರಿಗೆ ಕೊಡಿ. ಮುಂದಿನ ವರ್ಷ ಬರ್ಲಿ."

ಪಕ್ಕದ ಮೆಷಿನ್ನಿನವನು ಕಡಲೆಪುರಿ ಮುಕ್ಕುತ್ತಾ, "ಏನ್ ಗುರು, ಅತ್ತಿಗೇನ ವರ್ಷವರ್ಷಾನೂ ಬಚ್ಚಿಡ್ತೀಯ. ನಾವೇನು ದೃಷ್ಟಿ ಹಾಕ್ತೀವಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮಾತ್ರ ತಮ್ಮ ಲೇಥಿನ ಮುಂದೆ ನಿಂತು, ನೆಟ್ಟಗೇ ಇದ್ದ ಹಾರವನ್ನು ಸರಿಮಾಡುತ್ತಿದ್ದರು.

ಮನೆಗೆ ವಾಪಸಾಗುವಾಗ ಬಾಗಲಗುಂಟೆ ತಿರುವಿನಲ್ಲಿ ಬೈಕು ನಿಲ್ಲಿಸಿದರು.

"ಹೆಂಡ್ತಿ ಅಂತ ಹೇಳೋಕೇ ಬಾಯಿ ತೆಗ್ದಿದ್ದೆ."

"ನಿಮ್ಗೆ ಅವಮಾನ ಆಗ್ಬಾರ್ದು ಅಂತ ರೀ..."

"ಆಗಿದ್ದು ನೀನು ಹಾಗಂದಾಗ." ಮತ್ತೆ ಬೈಕು ಸ್ಟಾರ್ಟ್ ಮಾಡುತ್ತಾ, "ಇನ್ಮೇಲೆ ಕರೆಯಲ್ಲ ಬಿಡು" ಎಂದರು.

ಆ ಮಾತು ಕೇಳಿ ನನಗೆ ಮೊದಲು ಆದದ್ದು ನೆಮ್ಮದಿ. ಇನ್ನು ಸೀರೆ ಹುಡುಕಬೇಕಿಲ್ಲ, ನೆಪ ಹೇಳಬೇಕಿಲ್ಲ. ಆಮೇಲೆ ಭಯವಾಯಿತು. ಹೆಂಡತಿ ಎನ್ನಲೆಂದೇ ಅವರು ಬಾಯಿ ತೆರೆದಿದ್ದರು, ಅದು ಗೊತ್ತಿತ್ತು, ಗೊತ್ತಿದ್ದೂ ನಂಬಲಾಗಲಿಲ್ಲ. ಇಷ್ಟು ವರ್ಷ ಒಬ್ಬ ಮನುಷ್ಯ ನನ್ನನ್ನು ಬೇಕೆಂದ. ನನಗೇ ನಾನು ಬೇಡವಾಗಿದ್ದರೆ ಅವನು ತಾನೇ ಏನು ಮಾಡಿಯಾನು?

ರಾತ್ರಿ ಊಟಕ್ಕೆ ಅನ್ನ, ಹುಳಿ, ಹಪ್ಪಳ. ದಿನವೂ ಹಪ್ಪಳ ಮುರಿದು ದೊಡ್ಡ ಚೂರನ್ನು ನನ್ನ ತಟ್ಟೆಗೆ ಹಾಕುವವರು ಇವತ್ತು ತಮ್ಮದನ್ನು ತಾವು ತಿಂದು ಎದ್ದರು. ಅವರೇ ಮೊದಲು ಮಲಗಿದರು, ಗೋಡೆಯ ಕಡೆ ತಿರುಗಿ.