ಸರೋವರಕ್ಕಿಂತ ನಾನೂರೆಪ್ಪತ್ತು ಮೀಟರ್ ಕೆಳಗೆ

೨೦೦೪ರ ಯುಗಾದಿಗೆ ಲಂಡನ್ನಿನ ಕನ್ನಡಿಗರ ಒಂದು ಸಣ್ಣ ಬಳಗ ಹೊರತಂದ ಸ್ಮರಣ ಸಂಚಿಕೆಯ ಹದಿನೇಳನೆಯ ಪುಟದಲ್ಲಿ ಈ ಎರಡು ವಾಕ್ಯಗಳಿವೆ: ‘ಪ್ರತಿಕೂಲ ಹವಾಮಾನದ ಕಾರಣ ಡಾ. ವೇಣುಗೋಪಾಲ ಅವರು ತಾವಾಗಿಯೇ ಹಿಂದಿರುಗಿದರು. ಆಯಾಸಗೊಂಡಿದ್ದ ಶ್ರೀಮತಿ ಗಿರಿಜಾದೇವಿಯವರೂ ಅವರೊಡನೆ ಇಳಿದರು.’ ಎರಡು ವಾಕ್ಯಗಳಲ್ಲಿ ಮೂರು ಸುಳ್ಳು. ಆ ದಿನ, ಅಂದರೆ ೨೦೦೩ರ ಅಕ್ಟೋಬರ್ ೯ರ ಗುರುವಾರ, ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ. ವೇಣುಗೋಪಾಲರು ತಾವಾಗಿ ಇಳಿಯಲಿಲ್ಲ. ಗಿರಿಜಾದೇವಿಗೆ ಆಯಾಸವಾಗಿರಲಿಲ್ಲ. ಅಚ್ಚಾದದ್ದೆಲ್ಲ ನಿಜವೆಂದು ನಂಬುವವರು ಇರುವ ತನಕ, ನಡೆದದ್ದನ್ನು ನಡೆದಂತೆ ಬರೆದಿಡಬೇಕಾಗುತ್ತದೆ.

ಗಿರಿಜಾದೇವಿ ಧಾರವಾಡದವರು. ೧೯೭೦ರಿಂದ ೨೦೦೧ರವರೆಗೆ, ಮೂವತ್ತೊಂದು ವರ್ಷ, ದಕ್ಷಿಣ ಲಂಡನ್ನಿನ ಒಂದು ಸರಕಾರಿ ಆಸ್ಪತ್ರೆಯ ಶ್ವಾಸಕೋಶದ ವಾರ್ಡಿನಲ್ಲಿ ದುಡಿದು, ಕೊನೆಯ ಹನ್ನೆರಡು ವರ್ಷ ಅದರ ಸಿಸ್ಟರ್, ಅಂದರೆ ಮುಖ್ಯ ನರ್ಸ್ ಆಗಿ ನಿವೃತ್ತರಾದರು. ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಕೆಲಸಕ್ಕಿದ್ದ ಪತಿ ತೀರಿಕೊಂಡ ಮೇಲೆ ಸಟನ್ನಿನ ಚಿಕ್ಕ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ವಾರ್ಡಿನಲ್ಲಿ ಅವರದೊಂದು ಪದ್ಧತಿಯಿತ್ತು. ವೈದ್ಯರು ತಪ್ಪು ಮಾಡಿದರೆ ತಪ್ಪೆಂದು ಹೇಳುತ್ತಿರಲಿಲ್ಲ. ಚಾರ್ಟನ್ನು ಅವರ ಮುಂದಿಟ್ಟು, “ಸರ್, ಇದನ್ನ ಒಂದ್ಸಲ ನೋಡ್ತೀರೇನ್ರಿ?” ಎನ್ನುವ ಅರ್ಥದ ಮಾತನ್ನು ಇಂಗ್ಲಿಷಿನಲ್ಲಿ ಮೆತ್ತಗೆ ಆಡಿ ಕಾಯುತ್ತಿದ್ದರು. ವೈದ್ಯರು ತಪ್ಪನ್ನು ತಾವೇ ಕಂಡುಹಿಡಿದವರಂತೆ ತಿದ್ದಿಕೊಳ್ಳುತ್ತಿದ್ದರು. ರೋಗಿ ಬದುಕುತ್ತಿದ್ದ, ವೈದ್ಯರ ಮಾನವೂ ಉಳಿಯುತ್ತಿತ್ತು.

ಮೈಸೂರಿನವರಾದ ಡಾ. ವೇಣುಗೋಪಾಲ ಅರವತ್ತನಾಲ್ಕರ ನಿವೃತ್ತ ಶಸ್ತ್ರವೈದ್ಯರು. ನೇಪಾಳದ ಗೋಸಾಯಿಕುಂಡವೆಂಬ ಸರೋವರಕ್ಕೆ ಚಾರಣ ಹೋಗಿ ಶೀಗಿ ಹುಣ್ಣಿಮೆಯಂದು ಅಲ್ಲಿ ಸ್ನಾನ ಮಾಡಬೇಕೆಂಬ ಯೋಜನೆ ಅವರದು. ಸರೋವರದ ಎತ್ತರ ೪,೩೮೦ ಮೀಟರ್. ಹೊರಟವರು ಹನ್ನೊಂದು ಮಂದಿ, ಅವರಲ್ಲಿ ಆರು ಮಂದಿ ವೈದ್ಯರು. ತಯಾರಿಗೆಂದು ಎಲ್ಲರೂ ಶನಿವಾರಗಳಂದು, ಕ್ವೀನ್ಸ್‌ಬರಿಯ ಅಂಗಡಿಯಿಂದ ತಂದ ಐದು ಕಿಲೋ ಸೋನಾ ಮಸೂರಿಯನ್ನು ಬೆನ್ನಚೀಲದಲ್ಲಿ ಹೊತ್ತು ಹ್ಯಾರೋ ಗುಡ್ಡ ಹತ್ತಿ ಇಳಿದರು. ಆ ಗುಡ್ಡದ ಎತ್ತರ ನೂರಿಪ್ಪತ್ತನಾಲ್ಕು ಮೀಟರ್. ಹೊರಡುವ ಮುನ್ನ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕಾಗಿತ್ತು. ಆರೂ ವೈದ್ಯರು ಒಂದು ಭಾನುವಾರದ ಊಟದ ಮೇಜಿನಲ್ಲಿ, ಬಿಸಿಬೇಳೆಬಾತಿನ ತಟ್ಟೆ ಸರಿಸಿ, ಒಬ್ಬರ ಪತ್ರಕ್ಕೆ ಇನ್ನೊಬ್ಬರು ಸಹಿ ಹಾಕಿಕೊಂಡರು. ಯಾರೂ ಯಾರ ನಾಡಿಯನ್ನೂ ಮುಟ್ಟಲಿಲ್ಲ. ಗಿರಿಜಾದೇವಿ ತಮ್ಮ ಜಿ.ಪಿ., ಅಂದರೆ ಕುಟುಂಬ ವೈದ್ಯರ ಹತ್ತಿರ ಹೋಗಿ ನಲವತ್ತು ನಿಮಿಷ ಪರೀಕ್ಷೆ ಮಾಡಿಸಿಕೊಂಡು ಬಂದರು.

ವಿಮಾನ ತಡವಾಗಿ ಕಾಠ್ಮಂಡುವಿನಲ್ಲಿ ಒಂದು ದಿನ ಹೋಯಿತು. ಹುಣ್ಣಿಮೆ ತಪ್ಪಬಾರದೆಂದರೆ ದಾರಿಯಲ್ಲಿನ ಚಂದನ್‌ಬಾರಿಯೆಂಬ ಹಳ್ಳಿಯಲ್ಲಿ ಇಟ್ಟಿದ್ದ ವಿಶ್ರಾಂತಿಯ ದಿನವನ್ನು ಬಿಡಬೇಕು. ಮಾರ್ಗದರ್ಶಿ ಪಾಸಾಂಗ್ ಬೇಡವೆಂದ. ಎತ್ತರಕ್ಕೆ ದೇಹ ಒಗ್ಗಲು ಆ ದಿನ ಬೇಕೇ ಬೇಕೆಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದ.

“ನೋಡಪ್ಪ, ಇಲ್ಲಿ ಆರು ಜನ ಡಾಕ್ಟರಿದೀವಿ,” ಎಂದು ವೇಣುಗೋಪಾಲರು ಅವನಿಗೆ ತಿಳಿಯದ ಕನ್ನಡದಲ್ಲೇ ನಕ್ಕರು. “ನಮಗೆ ಇವನು ಫಿಸಿಯಾಲಜಿ ಪಾಠ ಮಾಡ್ತಾನೆ.” ಆಮೇಲೆ ಕೈ ಎತ್ತಿಸಿದರು. ಆರು ಕೈ ಮೇಲೆದ್ದವು. ಉಳಿದವರದು ಲೆಕ್ಕಕ್ಕೇ ಬರಲಿಲ್ಲ.

ಅಕ್ಟೋಬರ್ ೭ರಂದು ಧುಂಚೆ, ಸುಮಾರು ೧,೯೬೦ ಮೀಟರ್. ೮ರಂದು ಚಂದನ್‌ಬಾರಿ, ೩,೨೫೦. ಒಂದೇ ದಿನದಲ್ಲಿ ಅಷ್ಟು ಏರಿಕೆ. ಪ್ರತಿ ಸಂಜೆ ಪಾಸಾಂಗ್ ಎಲ್ಲರ ಬೆರಳಿಗೆ ಒಂದು ಪುಟ್ಟ ಮೀಟರ್ ಸಿಕ್ಕಿಸಿ, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆಯೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ವೈದ್ಯರ ಬೆರಳು ಕೇಳಲು ಅವನಿಗೆ ಸಂಕೋಚ. ತಾವೇ ನೋಡಿಕೊಂಡು ಹೇಳುತ್ತೇವೆಂದು ಅವರು ಮೊದಲ ದಿನವೇ ತಿಳಿಸಿದ್ದರು. ಚಂದನ್‌ಬಾರಿಯಲ್ಲಿ ಹೆಂಗಸರನ್ನು ಪರೀಕ್ಷಿಸುವ ಕೆಲಸವನ್ನು ಗಿರಿಜಾದೇವಿಗೆ ಒಪ್ಪಿಸಿದ್ದ. ಮೀಟರ್ ಅವರ ಚೀಲದಲ್ಲೇ ಇತ್ತು. ಆಗ ಒಲೆಯ ಪಕ್ಕದಿಂದ ವೇಣುಗೋಪಾಲರ ದನಿ ಬಂತು: “ನಂದು ನೈಂಟಿ ಒನ್, ಬರ್ಕೊಳಪ್ಪ.” ಪಾಸಾಂಗ್ ಅಂಕಿಯನ್ನಷ್ಟೇ ಹಿಡಿದು ಬರೆದುಕೊಂಡ.

ಗಿರಿಜಾದೇವಿ ತಲೆಯೆತ್ತಿ ನೋಡಿದರು. ವೇಣುಗೋಪಾಲರು ಮೀಟರನ್ನು ಆ ಸಂಜೆ ಮುಟ್ಟಿಯೇ ಇರಲಿಲ್ಲ. ಗಿರಿಜಾದೇವಿ ಏನೂ ಹೇಳಲಿಲ್ಲ. ಈ ತಪ್ಪನ್ನೂ ಬರೆಯಬೇಕು, ಬಿಡಲಾಗದು. ಮೂವತ್ತೊಂದು ವರ್ಷದ ರೂಢಿ ಅವರ ಬಾಯಿ ಕಟ್ಟಿತು.

ಮರುದಿನ ಮಧ್ಯಾಹ್ನ ಒಂದೂವರೆಗೆ ಲೌರಿಬಿನಾ ತಲುಪಿದರು. ಎತ್ತರ ೩,೯೧೦. ಸರೋವರಕ್ಕೆ ಇನ್ನು ನಾನೂರೆಪ್ಪತ್ತು ಮೀಟರ್ ಏರಬೇಕು, ಅದು ನಾಳೆಗೆ. ಚಹಾದ ಗುಡಿಸಲಿನ ಮುಂದೆ ಬಿಸಿಲು ಚುರುಗುಟ್ಟುತ್ತಿತ್ತು. ವೇಣುಗೋಪಾಲರು ಬೆಂಚಿನ ಮೇಲೆ ಕೂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೇಲಿನ ಗುಂಡಿಯನ್ನು ಮೂರನೆಯ ಕಾಜಿಗೆ ತುರುಕುತ್ತಾರೆ, ಬಿಡಿಸುತ್ತಾರೆ, ಮತ್ತೆ ಅದೇ ಕಾಜಿಗೆ ತುರುಕುತ್ತಾರೆ. ನಾಲ್ಕು ದಶಕ ಹೊಲಿಗೆ ಹಾಕಿದ ಬೆರಳುಗಳು ಅವು. ಗಿರಿಜಾದೇವಿಯ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

ವೇಣುಗೋಪಾಲರ ಹೆಂಡತಿ ಕೃಷ್ಣವೇಣಿಯ ಪಕ್ಕಕ್ಕೆ ಹೋಗಿ ಕೇಳಿದರು: “ಅಕ್ಕಾರ, ಸರ್‌ಗೆ ತಲೆನೋವೈತೇನು?”

“ಬೆಳಗ್ಗೆಯಿಂದ. ಎರಡು ಸಲ ವಾಂತಿ ಮಾಡ್ಕೊಂಡ್ರು. ಯಾರಿಗೂ ಹೇಳ್ಬೇಡ ಅಂದಿದಾರೆ ಸಿಸ್ಟರ್. ನಾಳೆ ಸ್ನಾನ ಮುಗಿದ್ಬಿಟ್ರೆ ಸಾಕು.”

“ನಾಳಿ ತನಕ ಇರಬೇಕಲ್ರಿ ಅವರು.”

ಗಿರಿಜಾದೇವಿ ಅಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಡಾ. ಭಾರ್ಗವನ ಬಳಿ ಹೋದರು. ಗುಂಪಿನ ವೈದ್ಯರಲ್ಲಿ ಅವನೇ ಕಿರಿಯ, ಮೂವತ್ತಾರು. ವೇಣುಗೋಪಾಲರ ಕೈಕೆಳಗೆ ಎರಡು ವರ್ಷ ಕಲಿತವನು.

“ಡಾಕ್ಟರ್, ಸರ್‌ನ ಒಂದ್ಸಲ ನೋಡ್ತೀರೇನ್ರಿ?” ಹಳೆಯ ಮಾತು, ಹಳೆಯ ದನಿ.

“ನಿನ್ನೆ ತೊಂಬತ್ತೊಂದಿತ್ತಲ್ಲ ಸಿಸ್ಟರ್. ಸುಸ್ತಾಗಿರ್ಬೇಕು. ನಾನು ಹೋಗಿ ಅವರನ್ನ ಎಕ್ಸಾಮಿನ್ ಮಾಡ್ತೀನಿ ಅಂದ್ರೆ ನನ್ನನ್ನ ಇಲ್ಲೇ ಹೂತು ಹಾಕ್ತಾರೆ.”

ಅವನು ನಕ್ಕ. ಮೆತ್ತಗಿನ ಮಾತು ಕೆಲಸಕ್ಕೆ ಬರುವುದಿಲ್ಲವೆಂದು ಗಿರಿಜಾದೇವಿಗೆ ಆಗ ಗೊತ್ತಾಯಿತು. ಗಂಟೆ ಎರಡೂ ನಲವತ್ತು. ಎತ್ತರದಲ್ಲಿ ಮಿದುಳು ಊದಿಕೊಂಡವನು ಸಂಜೆ ಮಂಪರಿಗೆ ಬಿದ್ದರೆ ಬೆಳಗ್ಗೆ ಏಳದೆಯೂ ಇರಬಹುದು. ಇಳಿಸುವುದಾದರೆ ಬೆಳಕಿರುವಾಗಲೇ ಇಳಿಸಬೇಕು, ಅದಕ್ಕಿರುವುದು ಮೂರು ತಾಸು.

“ಆ ತೊಂಬತ್ತೊಂದು ಸುಳ್ಳದ,” ಎಂದರು, ಎಲ್ಲರಿಗೂ ಕೇಳುವಂತೆ. “ಮೀಟರ್ ನನ್ನ ಚೀಲದಾಗಿತ್ತು. ಸರ್ ಮುಟ್ಟೇ ಇಲ್ಲ. ನಿನ್ನೆನೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದೂ ಅದ.”

ಐವರು ವೈದ್ಯರು ತಮ್ಮತಮ್ಮ ಬೂಟುಗಳನ್ನು ನೋಡಿಕೊಂಡರು. ವೇಣುಗೋಪಾಲರು ಎದ್ದು ನಿಲ್ಲಲು ಹೋಗಿ ಬೆಂಚು ಹಿಡಿದುಕೊಂಡರು.

“ಏನ್ರೀ ಸಿಸ್ಟರ್, ನನ್ನ ಸುಳ್ಳುಗಾರ ಅಂತೀರಾ? ಬೆಡ್‌ಪ್ಯಾನ್ ಎತ್ತೋರು ಡಯಾಗ್ನೋಸಿಸ್ ಮಾಡೋ ಕಾಲ ಬಂತು.” ಮಾತು ತೊದಲುತ್ತಿತ್ತು.

“ಬೆಡ್‌ಪ್ಯಾನ್ ಎತ್ತೇನಿ, ಹೌದು. ಬೆರಳು ಕೊಡ್ರಿ.”

ಕೊಡಲಿಲ್ಲ. ಗಿರಿಜಾದೇವಿಯೇ ಆ ಕೈಯನ್ನು ಹಿಡಿದು ಮೀಟರ್ ಸಿಕ್ಕಿಸಿದರು. ಆ ಎತ್ತರದಲ್ಲೂ ಎಂಬತ್ತರ ಮೇಲಿರಬೇಕಾದ ಅಂಕಿ ಎಪ್ಪತ್ತರ ಸುತ್ತ ಕುಣಿದು ಅರವತ್ತೆಂಟಕ್ಕೆ ನಿಂತಿತು. ಅದನ್ನು ಭಾರ್ಗವನ ಕಣ್ಣಿನ ಮುಂದೆ ಹಿಡಿದರು. ಆಮೇಲೆ ಪಾಸಾಂಗ್ ಒಂದು ಹಗ್ಗವನ್ನು ನೆಲದ ಮೇಲೆ ನೇರವಾಗಿ ಹಾಸಿದ. ಅದರ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆಯಬೇಕು, ಮಿದುಳು ಊದಿದವನಿಗೆ ಅದು ಆಗದು. ಅರವತ್ತೆರಡರ ಗಿರಿಜಾದೇವಿ ಮೊದಲು ತಾವೇ ಹನ್ನೆರಡು ಹೆಜ್ಜೆ ನಡೆದು ತೋರಿಸಿದರು. ಹಟಕ್ಕೆ ಬಿದ್ದ ವೇಣುಗೋಪಾಲರು ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಕಡಿದ ಮರದಂತೆ ಪಕ್ಕಕ್ಕೆ ವಾಲಿ ಭಾರ್ಗವನ ತೋಳಿಗೆ ಬಿದ್ದರು.

“ನಾನು ಇಳಿಯಲ್ಲ. ಕೃಷ್ಣಾ, ಹೇಳು ಇವರಿಗೆ.”

ಎಲ್ಲರೂ ಕೃಷ್ಣವೇಣಿಯ ಕಡೆ ತಿರುಗಿದರು. ಆಕೆ ಸೆರಗನ್ನು ಮುದುಡಿ ಹಿಡಿದಿದ್ದರು. “ಕರ್ಕೊಂಡು ಹೋಗಿ ಸಿಸ್ಟರ್. ಅವರ ಮಾತು ಕೇಳ್ಬೇಡಿ.”

“ಭಾರ್ಗವ, ಡೆಕ್ಸಾಮೆಥಾಸೋನ್ ಇಂಜೆಕ್ಷನ್ ತೆಗಿ,” ಎಂದರು ಗಿರಿಜಾದೇವಿ. ಹೆಸರಿನ ಹಿಂದಿನ ‘ಡಾಕ್ಟರ್’ ಬಿಟ್ಟುಹೋದದ್ದು ಅವರ ಗಮನಕ್ಕೂ ಬರಲಿಲ್ಲ. ಮಿದುಳಿನ ಊತ ತಗ್ಗಿಸುವ ಆ ಮದ್ದನ್ನು ಭಾರ್ಗವ ತೆಗೆದ. ಮೂರೂ ಹತ್ತಕ್ಕೆ ಚುಚ್ಚಿದ. ಮೂರೂ ಇಪ್ಪತ್ತಕ್ಕೆ ಹೊರಟರು. ಇಬ್ಬರು ಹಮಾಲರು ಸರದಿಯಂತೆ ವೇಣುಗೋಪಾಲರನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತರು. ಹಿಂದೆ ಕೃಷ್ಣವೇಣಿ, ಭಾರ್ಗವ, ಗಿರಿಜಾದೇವಿ. ಉಳಿದ ಏಳು ಮಂದಿ ಪಾಸಾಂಗನೊಡನೆ ಮೇಲೇ ಉಳಿದರು.

ಆ ಇಳಿಜಾರು ಆರುನೂರ ಅರವತ್ತು ಮೀಟರ್. ಮೊದಲ ಅರ್ಧ ತಾಸು ವೇಣುಗೋಪಾಲರು ಬೈಯುತ್ತಿದ್ದರು. ಆಮೇಲೆ ಬೈಗುಳ ನಿಂತಿತು. ಬೈಯುವ ರೋಗಿ ಇನ್ನೂ ಕೈಗೆ ಸಿಗುತ್ತಾನೆ, ಬೈಗುಳ ನಿಲ್ಲಿಸಿದವನು ಕೈಜಾರುತ್ತಾನೆ. ಗಿರಿಜಾದೇವಿ ಬುಟ್ಟಿಯ ಪಕ್ಕಕ್ಕೆ ಓಡಿ, “ಸರ್, ಇವತ್ತ್ಯಾವ ವಾರ?” ಎಂದರು. ಕಿವಿಯ ಕೆಳಗೆ ಚಿವುಟಿದರು. “ಯಾವ ವಾರ ಸರ್?”

“ನಿಮ್ಮ… ತಲೆ.”

“ಬೈರಿ, ಬೈಕೋತನ ಇರ್ರಿ,” ಎಂದು ಐದೈದು ನಿಮಿಷಕ್ಕೊಮ್ಮೆ ಅದನ್ನೇ ಕೇಳುತ್ತ ಇಳಿದರು. ಕೃಷ್ಣವೇಣಿ ದಾರಿಯುದ್ದಕ್ಕೂ ಅಳಲಿಲ್ಲ. ಒಮ್ಮೆ ಮಾತ್ರ ಭಾರ್ಗವನಿಗೆ, “ನಿಮಗೆ ಗೊತ್ತಾಗಿತ್ತಾ ಭಾರ್ಗವ?” ಎಂದು ಕೇಳಿದರು. ಅವನು, “ಸರ್‌ಗೆ ಹೇಗೆ ಹೇಳೋದು ಆಂಟಿ,” ಎಂದ. ಐದೂ ಇಪ್ಪತ್ತೈದಕ್ಕೆ, ಬೆಳಕು ಕಂದುತ್ತಿರುವಾಗ, ಚಂದನ್‌ಬಾರಿ ಮುಟ್ಟಿದರು. ವೇಣುಗೋಪಾಲರು ಕಣ್ಣು ಬಿಟ್ಟು, “ಗುರುವಾರ,” ಎಂದರು.

ಹತ್ತನೆಯ ತಾರೀಖು, ಶುಕ್ರವಾರ, ಶೀಗಿ ಹುಣ್ಣಿಮೆ. ಬೆಳಗ್ಗೆ ಒಂಬತ್ತಕ್ಕೆ ಏಳು ಮಂದಿ ಸರೋವರದ ದಂಡೆಯಲ್ಲಿದ್ದರು. ಸಂಚಿಕೆಯಲ್ಲಿರುವ ಬಣ್ಣದ ಚಿತ್ರ ಆಗಿನದು. ಅದೇ ಹೊತ್ತಿಗೆ ಚಂದನ್‌ಬಾರಿಯ ಕೋಣೆಯಲ್ಲಿ ವೇಣುಗೋಪಾಲರು ಗಂಜಿ ಕುಡಿದು ಲೋಟ ಕೆಳಗಿಟ್ಟರು.

“ನಿಮಗೂ ಸರೋವರ ತಪ್ಪಿಹೋಯ್ತಲ್ಲ ಸಿಸ್ಟರ್.”

“ಹೌದ್ರಿ, ತಪ್ಪಿತು.” ಪರವಾಗಿಲ್ಲ ಎಂದು ಗಿರಿಜಾದೇವಿ ಸೇರಿಸಲಿಲ್ಲ. ಆ ಸರೋವರ ಅವರಿಗೂ ಬೇಕಾಗಿತ್ತು. “ಏಳ್ರಿ ಸರ್. ಈ ಹಲಗಿ ಗೆರಿ ಮ್ಯಾಲೆ ನಡೀರಿ.”

ಅವರು ಎದ್ದರು. ಒಂದು, ಎರಡು, ಮೂರು. ಭಾರ್ಗವ ತೋಳು ಚಾಚಿ ನಿಂತಿದ್ದ. ಹನ್ನೆರಡು ಹೆಜ್ಜೆ ಮುಗಿಸಿ, ಗೋಡೆ ಮುಟ್ಟಿ, ಬಹುಮಾನ ಸಿಕ್ಕಬೇಕಾದವರಂತೆ ವೇಣುಗೋಪಾಲರು ಹಿಂದಿರುಗಿ ನೋಡಿದರು.

“ಏಳನೇದು ಸೊಟ್ಟಾತು,” ಎಂದರು ಗಿರಿಜಾದೇವಿ. “ಇನ್ನೊಮ್ಮೆ.”

ವೇಣುಗೋಪಾಲರು ಹೆಂಡತಿಯ ಮುಖ ನೋಡಿದರು, ಭಾರ್ಗವನ ಮುಖ ನೋಡಿದರು. ಆಮೇಲೆ ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಮೊದಲಿನಿಂದ ನಡೆಯತೊಡಗಿದರು.