ಮೂರು ಸಲ ಕಳಿಸಿದ ತಿದ್ದುಪಡಿ

ನಮ್ಮ ಯಜಮಾನರು ಅಚ್ಚುಕೂಟದಲ್ಲಿ ಇಪ್ಪತ್ತೆರಡು ವರ್ಷ ಮೊಳೆ ಜೋಡಿಸಿದವರು. ಸಾಲಿನ ಅಂಚು ಕೂದಲೆಳೆಯಷ್ಟು ಆಚೀಚೆ ಆದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅಚ್ಚುಕೂಟ ಮುಚ್ಚಿದ ಮೇಲೆ, ಐವತ್ತು ದಾಟಿದ ಮೇಲೆ, ಕಂಪ್ಯೂಟರ್ ಕಲಿತರು. ನಾನು ಓದಿದ್ದು ಏಳನೇ ಕ್ಲಾಸು. ಅವರು ಹೇಳಿದ್ದರಲ್ಲಿ ತಿಳಿದಷ್ಟು ಬರೆಯುತ್ತೇನೆ. ಅವರು ಹೋಗಿ ಏಳು ತಿಂಗಳಾಯಿತು.

ನನ್ನ ನಾದಿನಿ ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಟೀಚರು. ಅಲ್ಲಿ ಚುಕ್ಕಿ ಅಕ್ಷರ ಒತ್ತುವ ಹಳೇ ಮಷೀನು ಒಂದೇ ಒಂದಿದೆ. ಅದನ್ನು ನಡೆಸುವ ಪ್ರೋಗ್ರಾಂ ಪುಕ್ಕಟೆಯದು, ತಿದ್ದುಪಡಿ ಯಾರು ಬೇಕಾದರೂ ಕಳಿಸಬಹುದು. ಅದರ ದೋಷದಿಂದ ಪ್ರತಿ ಪುಟದ ಕೊನೇ ಸಾಲು ಒತ್ತುತ್ತಿರಲಿಲ್ಲ. ಶುಕ್ರವಾರ ಸಂಜೆ ಐದರೊಳಗೆ ಯಾರೂ ಸರಿಮಾಡದಿದ್ದರೆ ಹಳೇ ಮಷೀನಿನ ಭಾಗವನ್ನೇ ಕಿತ್ತುಹಾಕುತ್ತೇವೆ ಅಂತ ಪ್ರೋಗ್ರಾಂ ನೋಡಿಕೊಳ್ಳುವವನು ಬರೆದಿದ್ದ. ಭಾಗ ಕಿತ್ತ ಹೊಸ ಪ್ರೋಗ್ರಾಂ ಶಾಲೆಯ ಕಂಪ್ಯೂಟರಿಗೆ ತಾನಾಗೇ ಬರುತ್ತದೆ. ಬಂದರೆ ಮಷೀನು ಗುಜರಿ.

ಇವರು ಪ್ರೋಗ್ರಾಂನ ಹನ್ನೊಂದು ಸಾಲು ತಿದ್ದಿದರು. ಶಾಲೆಯಲ್ಲಿ ಹಾಕಿ ನೋಡಿದರು, ಕೊನೇ ಸಾಲು ಬಂತು. ಬುಧವಾರ ಮೇಲ್ ಮಾಡಿದರು. ವಾಪಸು ಬಂತು. ಉದ್ದದ ಸಾಲುಗಳನ್ನು ನಿಮ್ಮ ಮೇಲ್ ಮುರಿದಿದೆ, ಮುರಿಯದೆ ಕಳಿಸಿ, ಇಲ್ಲದಿದ್ದರೆ ಪ್ರೋಗ್ರಾಂನಲ್ಲಿ ಕೂರುವುದಿಲ್ಲ ಅಂತ ಅವನು ಬರೆದಿದ್ದ.

ಗುರುವಾರ ಸರಿಮಾಡಿ ಕಳಿಸಿದರು. ಈಗಲೂ ಕೂರುತ್ತಿಲ್ಲ ಅಂತ ಬಂತು. ಯಾಕೆ ಅಂತ ಬರೆದಿರಲಿಲ್ಲ. ಇವರು ಎದೆ ನೀವಿಕೊಳ್ಳುತ್ತಾ ಕೂತರು. ಡಾಕ್ಟರು ಆಗಲೇ ಹೆದರಿಸಿದ್ದರು.

ಶುಕ್ರವಾರ ಮೂರೂವರೆಗೆ ನಾದಿನಿ ಬಂದಳು.

"ಅಣ್ಣಾ, ಸೋಮವಾರ ಮಕ್ಕಳಿಗೆ ಏನಂತ ಹೇಳ್ಲಿ?"

"ಸುಮ್ಮನೆ ಕೂತ್ಕೊಳ್ಳಿ ಅಂತ ಹೇಳು. ನೀನೂ ಕೂತ್ಕೋ."

ಇವರು ತಿದ್ದುಪಡಿ ತೆರೆದರು. ನಾನು ಹಿಂದೆ ನಿಂತಿದ್ದೆ. ತೆಗೆಯುವ ಸಾಲಿನ ಮುಂದೆ ಮೈನಸ್, ಸೇರಿಸುವ ಸಾಲಿನ ಮುಂದೆ ಪ್ಲಸ್. ಹಾಗೇ ಇರುವ ಸಾಲಿನ ಮುಂದೆ ಒಂದು ಖಾಲಿ ಜಾಗ. ಅದೂ ಒಂದು ಗುರುತೇ, ಅಳಿಸಿದರೆ ತಿದ್ದುಪಡಿ ಕೂರುವುದಿಲ್ಲ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಇವರ ಬೆರಳು ಒಂದೊಂದೇ ಸಾಲಿಗೆ ಹೋಗಿ ಆ ಜಾಗ ಅಳಿಸುತ್ತಿತ್ತು.

"ರೀ, ಏನು ಅಳಿಸ್ತಿದ್ದೀರಿ?"

"ಏನಿಲ್ಲ. ಅಂಚು ಡೊಂಕಿದೆ."

"ನಿನ್ನೆನೂ ಅಳಿಸಿದ್ರಾ?"

ಕೈ ನಿಂತಿತು. ನಿನ್ನೆ ಕಳಿಸಿದ್ದನ್ನು ತೆರೆದು ನೋಡಿದರು, ಅದರಲ್ಲೂ ಆ ಜಾಗ ಇರಲಿಲ್ಲ.

"ಅತ್ತಿಗೆ, ಕೈ ಹಿಡ್ಕೊಳ್ಳಿ," ಅಂದಳು ನಾದಿನಿ. "ಬಿಟ್ರೆ ಪ್ಲಸ್ಸು ಮೈನಸ್ಸಿಗೂ ಇಸ್ತ್ರಿ ಹಾಕ್ತಾನೆ."

ಯಾರೂ ನಗಲಿಲ್ಲ. ಇವರು ತಿದ್ದುಪಡಿಯನ್ನು ಪ್ರೋಗ್ರಾಂನಿಂದ ಹೊಸದಾಗಿ ತೆಗೆದರು, ಅಂಚು ಮುಟ್ಟಲಿಲ್ಲ. ಈ ಸಲ ಮೇಲ್‌ನಲ್ಲಿ ಅಂಟಿಸಲಿಲ್ಲ. ನೇರವಾಗಿ ಕಳಿಸುವ ಆಜ್ಞೆ ಇದೆಯಂತೆ, ಅದನ್ನು ಬಳಸಿ ಮೊದಲು ತಂಗಿಗೆ ಕಳಿಸಿದರು. ಅವಳು ತಾನು ತಂದಿದ್ದ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂನ ಹೊಸ ಪ್ರತಿಗೆ ಹಾಕಿ ನೋಡಿದಳು.

"ಕೂತ್ಕೊಳ್ತು."

ನಾಲ್ಕು ಐವತ್ತು. ಪ್ರೋಗ್ರಾಂ ನೋಡಿಕೊಳ್ಳುವವನಿಗೆ ಕಳಿಸಿದರು. ಐದಾಯಿತು. ಐದೂ ಕಾಲಾಯಿತು. ನಾದಿನಿ ಸೆರಗಿನ ತುದಿ ಕಚ್ಚುತ್ತಿದ್ದಳು. ಇವರ ಬೆನ್ನು ಬೆವತು ಅಂಗಿ ಅಂಟಿತ್ತು. ಮಾತ್ರೆ ತಂದುಕೊಟ್ಟೆ, ಮುಷ್ಟಿಯಲ್ಲೇ ಹಿಡಿದಿದ್ದರು.

ಐದು ಇಪ್ಪತ್ತೆರಡಕ್ಕೆ ಉತ್ತರ ಬಂತು. ಸರಿಯಾಗಿ ಕೂತಿದೆ, ಸೇರಿಸಿದ್ದೇನೆ, ಹಳೇ ಮಷೀನಿನ ಭಾಗ ಇರುತ್ತದೆ. ನಾದಿನಿ ಓದಿ ಹೇಳುವಷ್ಟರಲ್ಲಿ ಅತ್ತುಬಿಟ್ಟಳು. ಇವರು ಮಾತ್ರೆ ನುಂಗಿದರು.

ಆಮೇಲೆ ಮೂರು ತಿಂಗಳಿದ್ದರು. ಇನ್ನೂ ಎರಡು ತಿದ್ದುಪಡಿ ಕಳಿಸಿದರು. ಎರಡು ಸಲವೂ ಅಡುಗೆಮನೆಯಿಂದ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಎರಡೂ ಮೊದಲ ಸಲಕ್ಕೇ ಕೂತವು.